ಬೀಮ್, ಸ್ಲ್ಯಾಬ್ ಡಿಸೈನ್: ಸಾಫ್ಟ್‌ವೇರ್ ಉತ್ತರವನ್ನು ಕೈಲೆಕ್ಕದಲ್ಲಿ ನಂಬುವುದು ಹೇಗೆ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ

ಡಿಸೈನ್ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ಮನೆಯೊಂದರ ಫ್ರೇಮ್ ಮಾಡೆಲ್ ಮಾಡಿದ್ದೇನೆ. 4 ಮೀ × 6 ಮೀ ಅಳತೆಯ ಎರಡು ಕೋಣೆಗಳು ಅಕ್ಕಪಕ್ಕ ಇವೆ. ಎರಡರ ನಡುವೆ 6 ಮೀಟರ್ ಬೀಮ್, ಅದರ ಮೇಲೆ 230 ಮಿ.ಮೀ. ಗೋಡೆ. ಬೀಮಿನ ಅಗಲವೂ 230. ಆಳ 500 ದಾಟಬಾರದು ಎಂಬುದು ಆರ್ಕಿಟೆಕ್ಟ್ ಅವರ ಬೇಡಿಕೆ. ಸ್ಲ್ಯಾಬ್ ದಪ್ಪ 125. ಕಾಂಕ್ರೀಟ್ ಎಂ25 (ಬಲ ಚದರ ಮಿ.ಮೀ.ಗೆ 25 ನ್ಯೂಟನ್), ಕಂಬಿ ಎಫ್‌ಇ500 (ಮಣಿಯುವುದು 500ಕ್ಕೆ). ಸಾಫ್ಟ್‌ವೇರ್ ಎಲ್ಲವನ್ನೂ ಪಾಸ್ ಮಾಡಿದೆ. ಆದರೂ ಆ ಕಂಬಿಯ ಲೆಕ್ಕದ ಮೇಲೆ ಧೈರ್ಯವಾಗಿ ಸಹಿ ಹಾಕಲು ಮನಸ್ಸು ಬರುತ್ತಿಲ್ಲ. ನೀವು ಮೊದಲು ಏನನ್ನು ನೋಡುತ್ತೀರಿ? ಸೈಟಿನಲ್ಲಿ ಕೆಡುವುದು ಎಲ್ಲಿ?

ಉತ್ತರ 1 (ಸ್ಟ್ರಕ್ಚರಲ್ ಡಿಸೈನರ್)

ಕಂಬಿಯಿಂದ ಶುರು ಮಾಡಬೇಡಿ, ದಪ್ಪ ಮತ್ತು ಆಳದಿಂದ ಶುರು ಮಾಡಿ. ಆಳ ಸರಿಯಿದ್ದರೆ ಕಂಬಿ ತಾನಾಗಿಯೇ ಹತೋಟಿಗೆ ಬರುತ್ತದೆ. ಆಳ ಕಡಿಮೆಯಾದರೆ ಎಷ್ಟು ಕಂಬಿ ತುಂಬಿದರೂ ನೆಮ್ಮದಿಯಿಲ್ಲ.

ನಿಮ್ಮ ಸ್ಲ್ಯಾಬನ್ನೇ ತೆಗೆದುಕೊಳ್ಳೋಣ. 125 ಮಿ.ಮೀ. ದಪ್ಪಕ್ಕೆ ಸ್ವಂತ ತೂಕ ಚದರ ಮೀಟರಿಗೆ 3.125 ಕಿಲೋನ್ಯೂಟನ್, ಫಿನಿಶಿಂಗ್ 1, ಲೈವ್ ಲೋಡ್ 2. ಒಟ್ಟು 6.125, ಅದನ್ನು ಸುರಕ್ಷತೆಯ ಫ್ಯಾಕ್ಟರ್ 1.5ರಿಂದ ಗುಣಿಸಿದರೆ ಸುಮಾರು 9.2. ಮೊದಲು ಒರಟು ಮೇಲ್ಮಿತಿ ನೋಡಿ: ಇಡೀ ಹೊರೆ 4 ಮೀಟರ್ ದಿಕ್ಕಿನಲ್ಲೇ ಹೋಗುತ್ತದೆ, ಎರಡು ತುದಿಯೂ ಸರಳ ಆಧಾರ (ಸುಮ್ಮನೆ ಕೂತಿದೆ, ಬಿಗಿಯಿಲ್ಲ) ಎಂದುಕೊಂಡರೆ ಮೊಮೆಂಟ್ (ಬಾಗಿಸುವ ಪರಿಣಾಮ) ಮೀಟರಿಗೆ ಸುಮಾರು 18.4 ಕಿಲೋನ್ಯೂಟನ್ ಮೀಟರ್. ಸಾಫ್ಟ್‌ವೇರ್ ಇದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಮಾಡೆಲ್‌ನಲ್ಲಿ ಏನೋ ಎಡವಟ್ಟಾಗಿದೆ. ಈಗ ನಿಜವಾದ ಸ್ಥಿತಿಗೆ ಬನ್ನಿ. ಉದ್ದ ಮತ್ತು ಅಗಲದ ಅನುಪಾತ 1.5, ಅಂದರೆ ಎರಡಕ್ಕಿಂತ ಕಡಿಮೆ, ಹಾಗಾಗಿ ಟೂ-ವೇ, ಅಂದರೆ ಹೊರೆ ಎರಡೂ ದಿಕ್ಕಿಗೆ ಹಂಚಿಹೋಗುತ್ತದೆ. ಸ್ಲ್ಯಾಬ್ ನಡುವಿನ ಬೀಮಿನ ಮೇಲೆ ಮಾತ್ರ ಮುಂದುವರಿಯುತ್ತದೆ, ಉಳಿದ ಮೂರು ಅಂಚು ಮುಂದುವರಿದಿಲ್ಲ ಎಂದುಕೊಂಡಿದ್ದೇನೆ. ಕಾಂಕ್ರೀಟ್ ಡಿಸೈನಿನ ಭಾರತೀಯ ಮಾನಕ ಐಎಸ್ 456ರ ಕೋಷ್ಟಕ 26ರಲ್ಲಿ ಇದಕ್ಕೆ ಕಿರು ದಿಕ್ಕಿನ ಗುಣಾಂಕ ಆಧಾರದ ಮೇಲೆ 0.084, ನಡುವೆ 0.064. ಮೊಮೆಂಟ್ ಆಧಾರದ ಮೇಲೆ 12.4, ನಡುವೆ 9.4. ಕಂಬಿ ಬೇಕಾಗುವುದು ಕ್ರಮವಾಗಿ ಸುಮಾರು 310 ಮತ್ತು 240 ಚದರ ಮಿ.ಮೀ. ಮೇಲೆ 8 ಮಿ.ಮೀ. ಕಂಬಿ 150ಕ್ಕೊಂದು, ಕೆಳಗೆ 200ಕ್ಕೊಂದು. ಬಲದ ಲೆಕ್ಕದಲ್ಲಿ ಪಾಸ್, ಸಾಫ್ಟ್‌ವೇರ್ ಹೇಳಿದ್ದೂ ಇದನ್ನೇ ಇರಬೇಕು.

ಆದರೆ ಡಿಫ್ಲೆಕ್ಷನ್, ಅಂದರೆ ಬಾಗು, ನೋಡಿ. 20 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) ಬಿಟ್ಟರೆ ಎಫೆಕ್ಟಿವ್ ಡೆಪ್ತ್ (ಎದುರಿನ ಮುಖದಿಂದ ಕಂಬಿಯ ನಡುವಿನವರೆಗಿನ ಅಳತೆ, ಮುಂದೆ ಬರೀ ಡೆಪ್ತ್) 101, ಸ್ಪ್ಯಾನ್ ಮತ್ತು ಡೆಪ್ತ್‌ನ ಅನುಪಾತ ಸುಮಾರು 40. ಈ ಅನುಪಾತದ ಮೂಲ ಮಿತಿ ಸರಳ ಆಧಾರಕ್ಕೆ 20, ಎರಡೂ ಕಡೆ ಮುಂದುವರಿದದ್ದಕ್ಕೆ 26. ನಿಮ್ಮದು ಒಂದೇ ಕಡೆ ಮುಂದುವರಿದದ್ದು, ನಡುವಿನ 23 ಹಿಡಿಯುವುದು ರೂಢಿ. ಕಂಬಿಯ ಪ್ರಮಾಣ ಮತ್ತು ಅದರೊಳಗಿನ ಒತ್ತಡದ (ಸ್ಟ್ರೆಸ್) ಮೇಲೆ ಬರುವ ತಿದ್ದುಪಡಿ ಇಲ್ಲಿ ಸುಮಾರು 1.35. ಅಂದರೆ ಅನುಮತಿ 31ರವರೆಗೆ, ನಿಮ್ಮದು 40. ಫೇಲ್. ದಪ್ಪವನ್ನು 150 ಮಾಡಿ ಮತ್ತೆ ಲೆಕ್ಕ ಹಾಕಿ: ಡೆಪ್ತ್ 126, ಅನುಪಾತ 32. ಅದೇ 8 ಮಿ.ಮೀ. ಕಂಬಿ 200ಕ್ಕೊಂದು ಇಟ್ಟರೆ ಒತ್ತಡ ಇಳಿದು ಅನುಮತಿ 40ರ ಹತ್ತಿರ ಬರುತ್ತದೆ. 25 ಮಿ.ಮೀ. ಕಾಂಕ್ರೀಟ್ ಮಾಡುವ ಕೆಲಸ ಇದು. 3.5 ಮೀಟರ್ ಸ್ಪ್ಯಾನಿನವರೆಗೆ ಒಟ್ಟು ದಪ್ಪಕ್ಕೆ ಸರಳ ಆಧಾರವಾದರೆ 28, ಮುಂದುವರಿದದ್ದಾದರೆ 32 ಎಂಬ ಸರಳ ಅನುಪಾತವಿದೆ. ಅದನ್ನು 4 ಮೀಟರ್ ಕೋಣೆಗೆ ಎಳೆದು ತಂದು 125 ಇಡುವವರನ್ನು ತುಂಬ ಕಂಡಿದ್ದೇನೆ. ಆ ಸ್ಲ್ಯಾಬ್ ಬೀಳುವುದಿಲ್ಲ, ನಿಜ. ಆದರೆ ಕಾಂಕ್ರೀಟ್ ವರ್ಷಗಟ್ಟಲೆ ಕ್ರೀಪ್ ಆಗುತ್ತ (ಹೊರೆಯಡಿ ನಿಧಾನವಾಗಿ ಕುಗ್ಗುತ್ತ) ಮೊದಲ ದಿನದ ಬಾಗು ಎರಡು ಮೂರು ಪಟ್ಟಾಗುತ್ತದೆ. ಆಮೇಲೆ ಟೈಲ್ ಸೀಳುತ್ತದೆ, ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ, ಅಲ್ಲಿ ವಾಸಿಸುವವರು ನಿದ್ದೆಗೆಡುತ್ತಾರೆ.

ಬೀಮಿಗೂ ಹೀಗೇ ನೋಡಿ. 150ರ ಸ್ಲ್ಯಾಬಿನ ಹೊರೆ 6.75. ಅದು 6 ಮೀಟರ್ ಬೀಮಿಗೆ ಎರಡೂ ಕಡೆಯಿಂದ ಟ್ರೆಪೆಜಾಯ್ಡ್ ಆಕಾರದಲ್ಲಿ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಒಟ್ಟು ಹೊರೆಯನ್ನು ಉದ್ದದಿಂದ ಭಾಗಿಸಿದರೆ ಮೀಟರಿಗೆ 18, ಆದರೆ ಹೊರೆ ನಡುವೆ ದಟ್ಟವಾಗಿರುವುದರಿಂದ ಮೊಮೆಂಟಿಗೆ ಸಮನಾದ ಹೊರೆ 23. ಗೋಡೆ 12, ಬೀಮಿನ ಸ್ವಂತ ತೂಕ ಎರಡೂವರೆ. ಹೆಚ್ಚುಕಡಿಮೆ 37.5, ಗುಣಿಸು 1.5. ಸರಳ ಆಧಾರವೆಂದರೆ ನಡುವೆ 250 ಕಿಲೋನ್ಯೂಟನ್ ಮೀಟರ್ ದಾಟುತ್ತದೆ. ತುದಿಗಳು ಪೂರ್ತಿ ಬಿಗಿ ಎಂದುಕೊಂಡರೆ ಆಧಾರದಲ್ಲಿ 165ರ ಆಸುಪಾಸು. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ.

ನಡುವೆ ಸ್ಲ್ಯಾಬ್ ಒತ್ತಡದಲ್ಲಿರುತ್ತದೆ (ಕಂಪ್ರೆಷನ್), ಸ್ಲ್ಯಾಬೂ ಬೀಮೂ ಸೇರಿ ಟಿ-ಬೀಮ್ ಲಾಭ ಸಿಗುತ್ತದೆ, ಅಲ್ಲಿ ಕಾಂಕ್ರೀಟ್ ಚಿಂತೆಯಿಲ್ಲ. ಆಧಾರದಲ್ಲಿ ಸ್ಲ್ಯಾಬ್ ಎಳೆತದ ಕಡೆಗಿರುತ್ತದೆ, ಒತ್ತಡ ಹೊರಲು ಕೆಳಗಿನ 230 ಅಗಲ ಮಾತ್ರ. ಆಳ 500, ಡೆಪ್ತ್ 450 ಎಂದರೆ 0.133 ಸೂತ್ರದಂತೆ (0.133 × ಕಾಂಕ್ರೀಟಿನ ಬಲ × ಅಗಲ × ಡೆಪ್ತ್‌ನ ವರ್ಗ) ಎಳೆತದ ಕಡೆ ಮಾತ್ರ ಕಂಬಿಯಿರುವ ಬೀಮಿನ ಮೊಮೆಂಟ್ ಮಿತಿ 155. ಅಂದರೆ ಆಧಾರದಲ್ಲಿ ಒತ್ತಡದ ಕಡೆಯ ಕಂಬಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆಳ 600 ಮಾಡಿದರೆ ಮಿತಿ 231, ಆರಾಮ. ನಡುವಿನ ಕಂಬಿ ಸುಮಾರು 1,420ರಿಂದ 1,180 ಚದರ ಮಿ.ಮೀ.ಗೆ ಇಳಿಯುತ್ತದೆ, 20 ಮಿ.ಮೀ.ನ ನಾಲ್ಕು ಕಂಬಿ ಸಾಕು. ಬಿಗಿತ ಆಳದ ಘನಕ್ಕೆ ಅನುಗುಣವಾಗಿ 1.7 ಪಟ್ಟು ಏರುತ್ತದೆ. ಈ ಅಂಕಿಗಳನ್ನು ಆರ್ಕಿಟೆಕ್ಟ್ ಮುಂದಿಡಿ. ಬೀಮಿನ ಮೇಲೆ ಗೋಡೆ ಇದೆ ಎಂದಮೇಲೆ ಕೆಳಗೂ ಗೋಡೆ ಇರುವ ಸಾಧ್ಯತೆ ಹೆಚ್ಚು, ಆಗ 100 ಮಿ.ಮೀ. ಕಣ್ಣಿಗೇ ಬೀಳದು.

ಉತ್ತರ 2 (ಕಾಲೇಜಿನಲ್ಲಿ ಪಾಠ ಮಾಡುವವರು)

ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. ಎಲ್ಲಕ್ಕಿಂತ ಮೊದಲು ಮಾಡೆಲ್‌ನ ಬುಡದ ರಿಯಾಕ್ಷನ್‌ಗಳನ್ನು (ಆಧಾರಗಳು ಮೇಲಕ್ಕೆ ಕೊಡುವ ಬಲಗಳನ್ನು) ಕೂಡಿ, ಕಟ್ಟಡದ ಒಟ್ಟು ತೂಕವನ್ನು ಕೈಯಲ್ಲಿ ಬೇರೆ ಲೆಕ್ಕ ಹಾಕಿ, ಎರಡನ್ನೂ ಹೋಲಿಸಿ. ಗೋಡೆ ಬಿಟ್ಟುಹೋಗಿರುವುದು, ಸ್ವಂತ ತೂಕ ಎರಡು ಸಲ ಸೇರಿರುವುದು ಅಲ್ಲೇ ಸಿಕ್ಕಿಬೀಳುತ್ತದೆ.

ಮತ್ತೆ, ಒಂದು ಫ್ರೇಮನ್ನಾದರೂ ಮೊಮೆಂಟ್ ಡಿಸ್ಟ್ರಿಬ್ಯೂಷನ್‌ನಲ್ಲಿ ಕೈಯಾರೆ ಬಿಡಿಸಿ. ಹಾರ್ಡಿ ಕ್ರಾಸ್ 1930ರಲ್ಲಿ ಕೊಟ್ಟ ವಿಧಾನ ಹಳೆಯದಾಯಿತು ಎನ್ನುವವರಿದ್ದಾರೆ. ಕಂಬ ತೆಳುವಾದರೆ ಮೊಮೆಂಟ್ ಎಲ್ಲಿಗೆ ಸರಿಯುತ್ತದೆ ಎಂಬುದು ಹಾಗೆ ಬಿಡಿಸಿದವರ ಬೆರಳಿಗೆ ಗೊತ್ತಿರುತ್ತದೆ. ಸ್ಕ್ರೀನಿನ ಬಣ್ಣದ ನಕ್ಷೆ ನೋಡಿ ಅದು ಬರುವುದಿಲ್ಲ.

ಉತ್ತರ 3 (ಸೈಟ್ ಎಂಜಿನಿಯರ್)

ಲೆಕ್ಕ ಚೆನ್ನಾಗಿದೆ. ನಾನು ಕಂಬಿ ಎಲ್ಲಿ ಕೂರುತ್ತದೆ ಎಂಬುದರ ಬಗ್ಗೆ ಹೇಳುತ್ತೇನೆ, ಏಕೆಂದರೆ ಸೈಟಿನಲ್ಲಿ ಕೆಡುವುದು ಅದೇ. ಕಂಬಿ ಎಣಿಸುವವರು ಬೇಕಾದಷ್ಟು ಜನ, ಅದರ ಮಟ್ಟ ಅಳೆಯುವವರು ಕಡಿಮೆ.

ನಡುಬೀಮಿನ ಮೇಲೆ ಹಾಯುವ ಸ್ಲ್ಯಾಬಿನ ಮೇಲ್ಕಂಬಿಯನ್ನು ನೋಡಿ. ಕಾಗದದಲ್ಲಿ ಡೆಪ್ತ್ 126. ಕಾಂಕ್ರೀಟ್ ಹಾಕುವ ದಿನ ಅದರ ಮೇಲೆಯೇ ಜನ ಓಡಾಡುತ್ತಾರೆ, ಬಾಣಲಿ ಹೊತ್ತು ನಡೆಯುತ್ತಾರೆ, ಪಂಪಿನ ಪೈಪ್ ಎಳೆಯುತ್ತಾರೆ. ಕಂಬಿ 40 ಮಿ.ಮೀ. ಕೆಳಗೆ ಕುಸಿದರೆ ಡೆಪ್ತ್ 86, ತಡೆಯುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಲ್ಲಿ ಬಿರುಕು ಬಿಟ್ಟು ಹೊರೆ ನಡುವಿಗೆ ಸರಿದೀತು. ಬಾಲ್ಕನಿಯಲ್ಲಿ ಹಾಗೆ ಸರಿಯಲು ಜಾಗವೇ ಇಲ್ಲ. ಒಂದೇ ತುದಿಯಲ್ಲಿ ಆಧಾರವಿರುವ ಕ್ಯಾಂಟಿಲಿವರ್‌ನ ಇಡೀ ಜೀವ ಮೇಲಿನ ಕಂಬಿಯಲ್ಲಿದೆ. ಅದು ತಳಕ್ಕೆ ಹೋದರೆ ಡಿಸೈನ್ ಎಷ್ಟು ಶುದ್ಧವಾಗಿದ್ದರೂ ಆ ಬಾಲ್ಕನಿ ಉಳಿಯುವುದಿಲ್ಲ. ಸೆಂಟ್ರಿಂಗ್ ಬಿಚ್ಚುವಾಗಲೇ ಬಾಲ್ಕನಿ ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಆದ್ದರಿಂದ ಡ್ರಾಯಿಂಗ್‌ನಲ್ಲೇ ಚೇರ್ (ಮೇಲ್ಕಂಬಿಯನ್ನು ಎತ್ತಿಹಿಡಿಯುವ ಕಾಲು) ತೋರಿಸಿ, ಅದರ ಎತ್ತರ ಬರೆಯಿರಿ, ಎಷ್ಟು ದೂರಕ್ಕೊಂದು ಎಂದೂ ಬರೆಯಿರಿ. ನಾನು ಮೇಲ್ಕಂಬಿಗೆ ಪ್ರತಿ ಮೀಟರಿಗೊಂದು ಚೇರ್ ಇಡಿಸುತ್ತೇನೆ, ಬಾಲ್ಕನಿಯಲ್ಲಿ ಇನ್ನೂ ಹತ್ತಿರ. ನಡೆಯಲು ಹಲಗೆ ಹಾಸಿಸುತ್ತೇನೆ. 8 ಮಿ.ಮೀ. ಕಂಬಿ ಕಾಲಿಗೆ ಸುಲಭವಾಗಿ ಬಗ್ಗುತ್ತದೆ, ಹಾಗಾಗಿ ಮೇಲ್ಕಂಬಿಗೆ 10 ಮಿ.ಮೀ. ಕೊಟ್ಟು ಅಂತರ ಹೆಚ್ಚಿಸಿದರೆ ನಮಗೆ ಉಪಕಾರ. ಅಂತರ 300 ಅಥವಾ ಡೆಪ್ತ್‌ನ ಮೂರು ಪಟ್ಟು, ಯಾವುದು ಕಡಿಮೆಯೋ ಅದನ್ನು ದಾಟಬಾರದು, ಅಷ್ಟೇ.

ಕವರ್ ಬ್ಲಾಕ್ ಜಾಗದಲ್ಲಿ ಜಲ್ಲಿಚೂರು ಇಡಲು ಬಿಡಬೇಡಿ. ವೈಬ್ರೇಟರ್ ತಾಗಿದ ಕೂಡಲೇ ಅದು ಜಾರುತ್ತದೆ, ಕಂಬಿ ಶಟರಿಂಗ್ ಮೇಲೆ ಮಲಗುತ್ತದೆ.

ಉತ್ತರ 4 (ಹಳೆಯ ಕಟ್ಟಡಗಳ ಪರಿಶೀಲನೆ, ದುರಸ್ತಿ ಮಾಡುವವರು)

ಇಲ್ಲಿ ಯಾರೂ ಶಿಯರ್ (ಬೀಮನ್ನು ಅಡ್ಡಲಾಗಿ ಕತ್ತರಿಸುವ ಬಲ) ಬಗ್ಗೆ ಹೇಳಲಿಲ್ಲ. ಬಾಗಿ ಸೋಲುವ ಬೀಮ್, ಕಂಬಿ ಮಿತಿಯೊಳಗಿದ್ದರೆ, ಮೊದಲು ಬಿರುಕು ತೋರಿಸುತ್ತದೆ, ಜೋತುಬೀಳುತ್ತದೆ, ಒಳಗಿರುವವರಿಗೆ ಹೊರಬರಲು ಸಮಯ ಕೊಡುತ್ತದೆ. ಶಿಯರ್‌ನಲ್ಲಿ ಸೋಲುವುದು ದಿಢೀರನೆ. ನಿಮ್ಮ 600ರ ಬೀಮಿಗೆ ಫ್ಯಾಕ್ಟರ್ ಸೇರಿ ಶಿಯರ್ ಸುಮಾರು 147 ಕಿಲೋನ್ಯೂಟನ್, ಚದರ ಮಿ.ಮೀ.ಗೆ 1.16 ನ್ಯೂಟನ್. ಎಂ25 ಕಾಂಕ್ರೀಟ್, ಒಂದು ಶೇಕಡಾ ಕಂಬಿ ಇದ್ದರೆ ತಾನಾಗಿ ಹೊರುವುದು 0.64. ಉಳಿದದ್ದಕ್ಕೆ 8 ಮಿ.ಮೀ. ಎರಡು ಕಾಲಿನ ರಿಂಗು (ಉದ್ದಕಂಬಿಗಳನ್ನು ಸುತ್ತುವ ಅಡ್ಡಕಂಬಿ) 300ಕ್ಕೊಂದು ಸಾಕು ಎಂದು ಲೆಕ್ಕ ಹೇಳುತ್ತದೆ.

ಅಷ್ಟಕ್ಕೇ ನಿಲ್ಲಬೇಡಿ. ಭೂಕಂಪ ವಲಯ 3 ಅಥವಾ ಅದಕ್ಕಿಂತ ಮೇಲಿದ್ದರೆ ಭೂಕಂಪ ತಾಳುವ ಕಂಬಿ ವಿವರಗಳ ಮಾನಕ ಐಎಸ್ 13920 ಅನ್ವಯಿಸುತ್ತದೆ. ಕಂಬದ ಮುಖದಿಂದ ಡೆಪ್ತ್‌ನ ಎರಡು ಪಟ್ಟು ದೂರ, ಇಲ್ಲಿ 1,100 ಮಿ.ಮೀ.ವರೆಗೆ, ರಿಂಗುಗಳು 100ಕ್ಕೊಂದು. ಕೊಕ್ಕೆ 135 ಡಿಗ್ರಿ ಬಗ್ಗಿ ಒಳಗಿನ ಕಾಂಕ್ರೀಟಿಗೆ ಇಳಿಯಬೇಕು. ವಲಯ 2ರಲ್ಲಿದ್ದರೂ ನಾನು ಹೀಗೇ ಮಾಡಿ ಎನ್ನುತ್ತೇನೆ, ತಗಲುವುದು ಕೆಲವೇ ರಿಂಗು. 90 ಡಿಗ್ರಿ ಕೊಕ್ಕೆಯ ರಿಂಗು ಕವರ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಹೊರೆ ಹೊರುವ ಕಂಬಿ ಎಲ್ಲಿ ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯ. ಎಂ25, ಎಫ್‌ಇ500ಕ್ಕೆ ಡೆವಲಪ್‌ಮೆಂಟ್ ಲೆಂತ್ (ಕಂಬಿ ಜಾರದಂತೆ ಕಾಂಕ್ರೀಟಿನೊಳಗೆ ಇರಬೇಕಾದ ಉದ್ದ) ವ್ಯಾಸದ ಸುಮಾರು 49 ಪಟ್ಟು, 20 ಮಿ.ಮೀ. ಕಂಬಿಗೆ ಹತ್ತಿರ ಹತ್ತಿರ ಒಂದು ಮೀಟರ್. ನಿಮ್ಮ ಕೊನೆಯ ಕಂಬ 230 ಅಥವಾ 300 ಇದ್ದೀತು. ನೇರವಾಗಿ ಅಷ್ಟು ಉದ್ದ ಎಲ್ಲಿಂದ ಬರಬೇಕು? ಕಂಬದ ಹೊರಮುಖದವರೆಗೆ ಒಯ್ದು ಕೆಳಗೆ ಬಗ್ಗಿಸಿ ಉದ್ದ ತುಂಬಿಸಲೇಬೇಕು. ದುರಸ್ತಿಗೆ ಬಂದ ಕಟ್ಟಡಗಳಲ್ಲಿ ಕಂಬದ ಒಳಮುಖದಿಂದ ಒಂದು ಗೇಣು ಒಳಗೆ ನಿಂತುಬಿಟ್ಟ ಮೇಲ್ಕಂಬಿಗಳನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥ ತುದಿ ಬಿಗಿಯಾಗಿಲ್ಲ, ಬಿಗಿ ಎಂದು ಮಾಡೆಲ್ ಮಾತ್ರ ನಂಬಿತ್ತು.

ಮರುಪ್ರಶ್ನೆ (ಪ್ರಶ್ನೆ ಕೇಳಿದವರು)

ತುಂಬಾ ಧನ್ಯವಾದ. 600 ಆಳಕ್ಕೆ ಮಾತಾಡುತ್ತೇನೆ. ಆಗದಿದ್ದರೆ 500ರಲ್ಲೇ ಕೆಳಗೂ ಮೇಲೂ ಕಂಬಿ ಹೆಚ್ಚಿಸಿಬಿಟ್ಟರೆ ಸುರಕ್ಷಿತ ತಾನೆ? ಇನ್ನೊಂದು: ಪ್ಲಂಬಿಂಗ್‌ನವರು ಬೀಮಿನಲ್ಲಿ 110 ಮಿ.ಮೀ. ಪೈಪಿಗೆ ರಂಧ್ರ ಕೇಳುತ್ತಿದ್ದಾರೆ. ಸ್ನಾನದ ಮನೆಯ ಸ್ಲ್ಯಾಬನ್ನು 300 ತಗ್ಗಿಸುವ ಯೋಚನೆಯೂ ಇದೆ.

ಉತ್ತರ 1 (ಮತ್ತೆ)

ಹೆಚ್ಚು ಕಂಬಿ ಎಂದರೆ ಹೆಚ್ಚು ಸುರಕ್ಷತೆ ಎಂಬುದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಎಳೆತದ ಕಂಬಿಯನ್ನು ಮಾತ್ರ ಮಿತಿ ಮೀರಿ ತುಂಬಿದರೆ ಕಂಬಿ ಮಣಿಯುವ ಮೊದಲೇ ಕಾಂಕ್ರೀಟ್ ಜಜ್ಜಿಹೋಗುತ್ತದೆ, ಮುನ್ಸೂಚನೆಯೇ ಇರುವುದಿಲ್ಲ. ಎಫ್‌ಇ500ಕ್ಕೆ ನ್ಯೂಟ್ರಲ್ ಆ್ಯಕ್ಸಿಸ್ (ಒತ್ತಡದ ಭಾಗ ಮುಗಿದು ಎಳೆತ ಶುರುವಾಗುವ ಗೆರೆ) ಡೆಪ್ತ್‌ನ 0.46 ದಾಟಬಾರದು ಎಂಬ ನಿಯಮ ಇರುವುದೇ ಅದಕ್ಕೆ. 500ಕ್ಕೇ ನಿಲ್ಲಬೇಕಾದರೆ ಆಧಾರದಲ್ಲಿ ಕೆಳಕಂಬಿಯನ್ನೂ ಲೆಕ್ಕ ಹಾಕಿ, ಪೂರ್ತಿ ಆಂಕರ್ ಮಾಡಿ, ಡಿಫ್ಲೆಕ್ಷನ್ ಬೇರೆಯಾಗಿ ಪರೀಕ್ಷಿಸಿ. ಗೋಡೆ ಕಟ್ಟಿದ ಮೇಲಿನ ಬಾಗು ಸ್ಪ್ಯಾನಿನ 350ನೇ ಒಂದು ಭಾಗ ಅಥವಾ 20 ಮಿ.ಮೀ., ಇವೆರಡರಲ್ಲಿ ಕಡಿಮೆಯದನ್ನು ಮೀರಬಾರದು. 6 ಮೀಟರಿಗೆ ಅದು 17 ಮಿ.ಮೀ.

ರಂಧ್ರದ ಬಗ್ಗೆ: ಆಧಾರದ ಹತ್ತಿರ ಬೇಡವೇ ಬೇಡ. ಸ್ಪ್ಯಾನಿನ ನಡುಭಾಗದಲ್ಲಿ, ಆಳದ ನಡುವಿನ ಮೂರನೇ ಭಾಗದಲ್ಲಿ, ಕಾಂಕ್ರೀಟಿಗೆ ಮುಂಚೆಯೇ ಸ್ಲೀವ್ ಇಟ್ಟು, ಎರಡೂ ಬದಿಗೆ ಹೆಚ್ಚುವರಿ ರಿಂಗು ಕೊಡಿ. ನಂತರ ಕೊರೆಯಲು ಯಾರಿಗೂ ಒಪ್ಪಿಗೆ ಕೊಡಬೇಡಿ. ತಗ್ಗಿಸಿದ ಸ್ಲ್ಯಾಬಿಗೆ ತುಂಬುವ ವಸ್ತುವಿನ ತೂಕ ಸೇರಿಸಿದ್ದೀರಾ ನೋಡಿ. ಘನ ಮೀಟರಿಗೆ 18 ಕಿಲೋನ್ಯೂಟನ್ ತೂಗುವ ತುಂಬು 300 ಮಿ.ಮೀ. ಇದ್ದರೆ ಅದೊಂದೇ 5.4, ಲೈವ್ ಲೋಡಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಮಾಡೆಲ್‌ನಲ್ಲಿ ಬಿಟ್ಟುಹೋಗುವ ಹೊರೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಉತ್ತರ 3 (ಮತ್ತೆ)

230 ಅಗಲದಲ್ಲಿ 25 ಕವರ್, 8ರ ರಿಂಗು ಕಳೆದರೆ ಉಳಿಯುವುದು 164. ನಾಲ್ಕು 20ರ ಕಂಬಿಗೆ 80 ಹೋದರೆ ನಡುವಿನ ಪ್ರತಿ ಸಂದು 28 ಮಿ.ಮೀ. 20 ಮಿ.ಮೀ. ಜಲ್ಲಿ ಹೇಗೋ ಇಳಿಯುತ್ತದೆ, 40ರ ವೈಬ್ರೇಟರ್ ಸೂಜಿ ಇಳಿಯುವುದಿಲ್ಲ. ಕಂಬದ ಕೂಡುಜಾಗದಲ್ಲಿ ಅಡ್ಡಬೀಮಿನ ಕಂಬಿಯೂ ಸೇರಿದರೆ ಇನ್ನೂ ಇಕ್ಕಟ್ಟು. ಐದನೆಯ ಕಂಬಿ ಬರೆಯುವ ಮೊದಲು ಆ ಜಾಗದ ಸೆಕ್ಷನ್ ಅನ್ನು ಅಳತೆಗೆ ಸರಿಯಾಗಿ ಬಿಡಿಸಿ ನೋಡಿ, ಅಥವಾ ಎರಡು ಸಾಲು ಮಾಡಿ ಡೆಪ್ತ್ ಕಡಿಮೆ ಹಿಡಿಯಿರಿ. 25ರ ಸಣ್ಣ ಸೂಜಿ ತರಿಸಲು ಮುಂಚೆಯೇ ಬರೆದುಕೊಡಿ.

ಸೆಂಟ್ರಿಂಗ್ ಬಿಚ್ಚುವ ದಿನವನ್ನೂ ಡ್ರಾಯಿಂಗ್ ಮೇಲೆ ಬರೆಯಿರಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, 15 ಡಿಗ್ರಿಗಿಂತ ಕಡಿಮೆಯಿಲ್ಲದ ಉಷ್ಣತೆ ಇದ್ದರೆ 4.5 ಮೀಟರಿನವರೆಗಿನ ಸ್ಲ್ಯಾಬಿನ ಆಸರೆಗಳಿಗೆ 7 ದಿನ, 6 ಮೀಟರಿನವರೆಗಿನ ಬೀಮಿಗೆ 14 ದಿನ, ಅದಕ್ಕಿಂತ ದೊಡ್ಡದಕ್ಕೆ 21. ಹಾರುಬೂದಿ ಬೆರೆತ ಸಿಮೆಂಟ್ ಆದರೆ ಇನ್ನೂ ಕಾಯಬೇಕು. ಮೇಲಿನ ಮಹಡಿಯ ಸೆಂಟ್ರಿಂಗ್ ಇದೇ ಸ್ಲ್ಯಾಬಿನ ಮೇಲೆ ನಿಲ್ಲುವುದಾದರೆ ಕೆಳಗಿನ ಆಸರೆಗಳನ್ನು ತೆಗೆಯಲೇಬೇಡಿ, ಹಸಿ ಕಾಂಕ್ರೀಟಿನ ತೂಕವೇ ಲೈವ್ ಲೋಡಿಗಿಂತ ಹೆಚ್ಚಿರುತ್ತದೆ. ಬಾಲ್ಕನಿಯ ಆಸರೆ ಬಿಚ್ಚುವಾಗ ಹೊರತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬನ್ನಿ.