ಸಹಾಯ ಬೇಕು: ಎಂ.ಎಸ್ಸಿ. ಓದುತ್ತಿರುವ ನನ್ನ ತಮ್ಮನಿಗಾಗಿ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ತಮ್ಮನದು ಎಂ.ಎಸ್ಸಿ. ಕೊನೆ ವರ್ಷ. 2021ರ ಏಪ್ರಿಲ್ 27ರ ರಾತ್ರಿ ಕೊರೋನಾ ಕರ್ಫ್ಯೂ ಶುರುವಾಗುವ ಮುಂಚೆ ಹಾಸ್ಟೆಲ್ ಖಾಲಿ ಮಾಡಿಸಿದರು, ಒಂದು ಬ್ಯಾಗ್ ಹಿಡಿದು ಮನೆಗೆ ಬಂದ. ಈಗೊಂದು ಹತ್ತು ದಿನದಿಂದ ಅವನು ಅವನಾಗಿಲ್ಲ.

ಮನೆಯಲ್ಲಿ ಸಿಗ್ನಲ್ ಇಲ್ಲ. ತೌಕ್ತೆ ಚಂಡಮಾರುತದ ಮಳೆಯಲ್ಲೂ ಗುಡ್ಡದ ಮೇಲಿನ ಹಲಸಿನ ಮರದಡಿ ಕೊಡೆ ಹಿಡಿದು ಕೂತು ಕ್ಲಾಸ್ ಕೇಳುತ್ತಿದ್ದ. ಈಗ ಗುಡ್ಡ ಹತ್ತುವುದನ್ನೇ ಬಿಟ್ಟಿದ್ದಾನೆ. ಬೆಳಗಿನ ಜಾವ ನಾಲ್ಕರವರೆಗೂ ಎದ್ದಿರುತ್ತಾನೆ. ಅನ್ನ ಕಲಸಿ, ಒಂದು ತುತ್ತೂ ತಿನ್ನದೆ ತಟ್ಟೆ ಬಿಟ್ಟು ಏಳುತ್ತಾನೆ. ಜೊತೆಗೆ ಓದುವ ಹುಡುಗನ ತಂದೆ ಕೊರೋನಾದಲ್ಲಿ ತೀರಿಕೊಂಡರು. ಆ ಸುದ್ದಿ ಬಂದಾಗಿನಿಂದ ಅಪ್ಪ ಕೆಮ್ಮಿದರೂ ಬೆಚ್ಚಿಬೀಳುತ್ತಾನೆ. ಪರೀಕ್ಷೆ ಯಾವಾಗ ಅಂತ ಯಾರೂ ಹೇಳುತ್ತಿಲ್ಲ, ಅದೊಂದು ಬೇರೆ. ಅಪ್ಪ ಸೋಮಾರಿ ಅಂತ ಬೈಯುತ್ತಾರೆ. ಇದು ಸೋಮಾರಿತನ ಅಲ್ಲವೇ ಅಲ್ಲ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದ, ಆದರೆ ತುಂಬಾ ಹೊತ್ತು ಅತ್ತ.

ನಿಮ್ಹಾನ್ಸ್ ಸಹಾಯವಾಣಿ 080-46110007 ಬರೆದಿಟ್ಟುಕೊಂಡಿದ್ದೇನೆ. ಕರೆ ಮಾಡು ಅಂದರೆ ತಮ್ಮ "ನನಗೇನು ಹುಚ್ಚಾ?" ಅಂತಾನೆ. ಅಲ್ಲಿಗೆ ಕರೆ ಮಾಡಿದವರು ಯಾರಾದರೂ ಇದ್ದರೆ, ಹೇಗೆ ಮಾತಾಡಿಸುತ್ತಾರೆ ಅಂತ ದಯವಿಟ್ಟು ಹೇಳಿ, ಅವನಿಗೆ ಓದಿ ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ತೊಂದರೆಗೆ ನೋಡುವುದು) ಲಾಕ್‌ಡೌನ್‌ನಲ್ಲೂ ನಡೆಯುತ್ತಿದೆಯಾ? ದಾರಿಯಲ್ಲಿ ಪೊಲೀಸರಿಗೆ ಏನು ತೋರಿಸಬೇಕು?

ಇದೇ ಸ್ಥಿತಿಯಿಂದ ಚೇತರಿಸಿಕೊಂಡ ವಿದ್ಯಾರ್ಥಿಗಳು ಯಾರಾದರೂ ಅವನ ಜೊತೆ ಹತ್ತು ನಿಮಿಷ ಮಾತಾಡುತ್ತೀರಾ? ಇನ್‌ಬಾಕ್ಸ್ ಮಾಡಿ. ಸಂಜೆ ಆರಕ್ಕೆ ನಾನೇ ಅವನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ.