ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿ ಸರ್ಕ್ಯೂಟ್ ಇರುವ ಬೇಸ್ ಗಿಟಾರ್) ಹಾಕಿದರೆ ಆಂಪ್ ಕರಕರ ಅನ್ನುತ್ತೆ, ಗೇನ್ (ಇನ್‌ಪುಟ್ ಮಟ್ಟದ ನಾಬ್) ಎಷ್ಟಿಡಬೇಕು?

ಬೇಲೂರು ರೋಡ್ ಬೇಸ್: ಹಾಸನದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ 100 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), 9 ವೋಲ್ಟ್ ಬ್ಯಾಟರಿಯ ಬೇಸ್. ಇ ತಂತಿ ಜೋರಾಗಿ ಮೀಟಿದರೆ ಸದ್ದು ಒಡೆಯುತ್ತೆ. ಮಾಸ್ಟರ್ (ಆಂಪಿನ ಕೊನೆಯ ವಾಲ್ಯೂಮ್) ಇಳಿಸಿದರೂ ಹೋಗಲ್ಲ.

ತಂತಿಪ್ರಿಯ: ಮಾಸ್ಟರ್ ಇಳಿಸಿದರೂ ಹೋಗಲ್ಲ ಅಂದ್ರೆ ಒಡೆಯುತ್ತಿರುವುದು ಅದಕ್ಕಿಂತ ಮುಂಚೆಯೇ. ಸ್ಪೀಕರನ್ನು ಬೈಯಬೇಡಿ. ಇನ್‌ಪುಟ್ ಪಕ್ಕ ಪ್ಯಾಡ್ (ಒಳಬರುವ ಸಿಗ್ನಲ್ ತಗ್ಗಿಸುವ ಗುಂಡಿ) ಅಥವಾ ಆಕ್ಟಿವ್ ಗುಂಡಿ ಇದ್ದರೆ ಒತ್ತಿ. 10 ಡೆಸಿಬೆಲ್ ಪ್ಯಾಡ್ ಸಿಗ್ನಲ್ ವೋಲ್ಟೇಜನ್ನು ಸುಮಾರು ಮೂರನೇ ಒಂದಕ್ಕೆ ಇಳಿಸುತ್ತೆ. ಆಮೇಲೆ ಗೇನ್, ಮಾಸ್ಟರ್ ಎರಡೂ ಸೊನ್ನೆ, ಈಕ್ಯೂ (ಲೋ, ಹೈ ಹೊಂದಿಸುವ ನಾಬ್‌ಗಳು) ಮಧ್ಯಕ್ಕೆ, ಬೇಸಿನ ವಾಲ್ಯೂಮ್ ಪೂರ್ತಿ. ವೇದಿಕೆಯಲ್ಲಿ ಬಾರಿಸುವಷ್ಟೇ ಜೋರಾಗಿ ಮೀಟುತ್ತಾ ಗೇನ್ ಏರಿಸಿ. ಸಿಗ್ನಲ್ ಮಿತಿ ಮೀರಿತು ಅನ್ನುವ ಕ್ಲಿಪ್ ದೀಪ ಮಿನುಗಿತೇ? ಸ್ವಲ್ಪ ಹಿಂದಕ್ಕೆ ತಿರುಗಿಸಿ. ಉಳಿದ ಜೋರೆಲ್ಲ ಮಾಸ್ಟರಿನದು. ಮನೆಯಲ್ಲಿ ಮೆತ್ತಗೆ ಮೀಟಿ ಹೊಂದಿಸಿದರೆ ಪೆಂಡಾಲಿನಲ್ಲಿ ಮತ್ತೆ ಅದೇ ಗೋಳು.

ಕಾಫಿತೋಟ: ಬೇಸಿನ ಮೇಲಿರುವ ಲೋ ನಾಬ್ ಏರಿಸಿದ್ದೀರಾ? ಅದೂ ಇನ್‌ಪುಟ್ಟಿಗೇ ಹೊರೆ. ಬ್ಯಾಟರಿಯನ್ನೂ ಅಳೆಯಿರಿ, ಹೊಸದು 9 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತೆ, ಸೋತದ್ದರಲ್ಲಿ ಬೇಸಿನೊಳಗೇ ಸದ್ದು ಒಡೆಯುತ್ತೆ, ಆಗ ಪ್ಯಾಡ್ ಏನೂ ಮಾಡದು. ಬಾರಿಸದಾಗ ಬೇಸಿನಿಂದ ಕೇಬಲ್ ಕಿತ್ತಿಡಿ, ಚುಚ್ಚಿದ್ದರೆ ಬ್ಯಾಟರಿ ಖರ್ಚಾಗ್ತಾನೇ ಇರುತ್ತೆ.

ಬೇಲೂರು ರೋಡ್ ಬೇಸ್: ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸಿಗೂ ಪ್ಯಾಡ್ ಬೇಕಾ?

ತಂತಿಪ್ರಿಯ: ಸಾಮಾನ್ಯವಾಗಿ ಬೇಡ. ಒತ್ತಿದರೆ ಸಿಗ್ನಲ್ ಸಣ್ಣದಾಗಿ ಗೇನ್ ಏರಿಸಬೇಕಾಗುತ್ತೆ, ಏರಿಸಿದಷ್ಟೂ ಗುಂಯ್ ಸದ್ದು ಜಾಸ್ತಿ.