ಅಪ್‌ಡೇಟ್: ಲುಟಿನೋ ಗಂಡು, ಬೂದು ಹೆಣ್ಣು ಕಾಕಟೀಲ್ ಜೋಡಿಯ ಮರಿಗಳು

ಕಾಕಟೀಲ್ ಎಂದರೆ ಜುಟ್ಟಿನ ಪುಟ್ಟ ಗಿಳಿ, ಲುಟಿನೋ ಎಂದರೆ ಅದರಲ್ಲಿ ಬೂದು-ಕಪ್ಪು ಬಣ್ಣವಿಲ್ಲದ, ಕೆಂಪು ಕಣ್ಣಿನ ಹಳದಿ-ಬಿಳಿ ಬಗೆ. ಈ ಜೋಡಿಯ ಮರಿಗಳ ಬಣ್ಣ, ಲಿಂಗ ಮೊದಲೇ ಹೇಳಬಹುದೇ ಎಂದು ಕೇಳಿದ್ದೆ. ಮಡಿಕೇರಿಯ ಗೂಡಲ್ಲೀಗ ನಾಲ್ಕು ಮರಿ. ಕಣ್ಣು ಬಿಡುವ ಮೊದಲೇ ತೆಳು ರೆಪ್ಪೆಯ ಮೂಲಕ ಬಣ್ಣ ಕಾಣುತ್ತದೆ: ಎರಡಕ್ಕೆ ಕೆಂಪು, ಅವು ಹೆಣ್ಣು, ಎರಡಕ್ಕೆ ಕಪ್ಪು, ಅವು ಗಂಡು.

ಲುಟಿನೋ ಜೀನ್ ಇರುವುದು ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮಿನಲ್ಲಿ. ಹಕ್ಕಿಗಳಲ್ಲಿ ಹೆಣ್ಣಿಗೆ ಒಂದೇ ಝಡ್, ಅದೂ ಅಪ್ಪನದು. ಹಾಗಾಗಿ ಹೆಣ್ಣುಮರಿಗಳೆಲ್ಲ ಲುಟಿನೋ. ಗಂಡಿಗೆ ಅಮ್ಮನ ಝಡ್ ಕೂಡ ಸಿಗುವುದರಿಂದ ಹೊರಗೆ ಬೂದು, ಒಳಗೆ ಲುಟಿನೋ ಸ್ಪ್ಲಿಟ್, ಅಂದರೆ ಜೀನ್ ಇದ್ದರೂ ಹೊರಗೆ ಕಾಣದು. ಜೋಡಿ ಅದಲುಬದಲಾಗಿ, ಗಂಡು ಸ್ಪ್ಲಿಟ್ ಅಲ್ಲದ ಬೂದಾಗಿದ್ದರೆ ಮರಿಗಳೆಲ್ಲ ಬೂದು. ಆಗ ಈ ಉಪಾಯ ನಡೆಯದು.

ಲೆಕ್ಕದಲ್ಲಿ ಇಲ್ಲದ್ದೂ ಒಂದು ಬಂತು: ಕೆಂಪು ಕಣ್ಣಿನ ಒಂದು ಮರಿಗೆ ಹಳದಿಯ ಬದಲು ಬಿಳಿ ತುಪ್ಪುಳ. ವೈಟ್‌ಫೇಸ್ (ಹಳದಿ, ಕಿತ್ತಳೆ ಬಣ್ಣವಿಲ್ಲದ ಬಗೆ) ಮತ್ತು ಲುಟಿನೋ ಸೇರಿದ ಇದನ್ನೇ ಆಲ್ಬಿನೋ ಎನ್ನುವುದು. ವೈಟ್‌ಫೇಸ್‌ಗೂ ಲಿಂಗಕ್ಕೂ ಸಂಬಂಧವಿಲ್ಲ. ಅಪ್ಪ ಅಮ್ಮ ಇಬ್ಬರ ಕೆನ್ನೆಯೂ ಕಿತ್ತಳೆ, ಅಂದರೆ ಇಬ್ಬರೂ ಅದಕ್ಕೆ ಸ್ಪ್ಲಿಟ್. ಪ್ರತಿ ಮೊಟ್ಟೆಗೂ ವೈಟ್‌ಫೇಸ್ ಆಗಲು ನಾಲ್ಕರಲ್ಲಿ ಒಂದು ಅವಕಾಶ.

ಸಿನಮನ್ (ಬೂದಿನ ಬದಲು ಕಂದುಛಾಯೆಯ ಬಗೆ) ಇರುವ ಜೋಡಿಯಾದರೆ ಅವಸರ ಬೇಡ. ಆ ಮರಿಯ ಕಣ್ಣೂ ಮೊದಲ ಕೆಲ ದಿನ ಕೆಂಪುಛಾಯೆಯದೇ, ಆಮೇಲೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ನೋಡುವಾಗ ಪೆಟ್ಟಿಗೆಯ ಒದ್ದೆ ಮರದ ಸಿಪ್ಪೆಯನ್ನೂ ಬದಲಿಸಿಬಿಡಿ, ನಮ್ಮ ಕೊಡಗಿನ ಥಂಡಿಗೆ ಬೇಗ ಬೂಷ್ಟು ಹಿಡಿಯುತ್ತದೆ.